ಮೀನು ಉಪವಾಸ ಕೂತರೆ ತಪ್ಪು ಯಾರದು?

"ಅಪ್ಪಾ, ಮೀನು ಉಣವಲ್ದು..." ಅಂತ ಮಗಳು ಬಂದು ಹೇಳಿದಾಗ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಏಕಾದಶಿ ಮಾಡ್ತಿರಬೇಕು ಬಿಡು ಅಂದೆ :-) ನಾಲ್ಕನೇ ದಿನವೂ ಹಾಕಿದ ಕಾಳು ತಳದಲ್ಲೇ ಬಿದ್ದಿದ್ದು ನೋಡಿದ ಮೇಲೆ ನನ್ನ ನಗು ನಿಂತಿತು.

ನಮ್ಮೂರು ಎಮ್ಮಿಗನೂರಿನಿಂದ ಹೊಸಪೇಟೆಗೆ ಹೋದಾಗ ತಂದ ನೀಲಿ ಬಣ್ಣದ ಬೆಟ್ಟಾ ಅದು. ನಮ್ಮ ಕಡೆ ಫೈಟರ್ ಮೀನು ಅಂತಾರೆ. ಜೊತೆಗೆ ಎರಡು ಲೀಟರ್ ಹಿಡಿಯುವ ಗಾಜಿನ ಬಟ್ಟಲು. "ಇದಕ್ಕೆ ಆಕ್ಸಿಜನ್ ಪಂಪು ಬೇಕಿಲ್ಲ ಸಾರ್, ಇಷ್ಟು ಜಾಗ ಸಾಕು" ಅಂದಿದ್ದರು ಅಂಗಡಿಯವರು. ಈಗ ಕೇಳಿದರೆ, ಫುಡ್ ಬದಲಾಯಿಸಿ, ಒಂದು ಔಷಧಿ ಹಾಕಿ ಅಂದರು. ಎರಡನ್ನೂ ತಂದೆ. ಮೀನು ಮೂಲೆ ಬಿಟ್ಟು ಕದಲಲಿಲ್ಲ.

ಕೊನೆಗೆ ಅವ್ವ ಬಟ್ಟಲಲ್ಲಿ ಬೆರಳಿಟ್ಟು ನೋಡಿ, "ಏ, ನೀರು ಮಂಜಾಗೈತಿ, ಅದೇನು ಉಂಡೀತಪಾ" ಅಂದಳು. ಜನವರಿ ತಿಂಗಳು, ಬಟ್ಟಲು ಇಟ್ಟಿದ್ದು ಕಿಟಕಿಯಲ್ಲಿ!

ನನ್ನ ವಾದ ಇಷ್ಟೇ. ಮೀನು ಊಟ ಬಿಟ್ಟಾಗ ನಾವು ಊಟವನ್ನು ಅನುಮಾನಿಸುತ್ತೇವೆ. ಆದರೆ ಮೊದಲು ಅನುಮಾನಿಸಬೇಕಾದ್ದು ನೀರನ್ನು.

ಬೆಟ್ಟಾ ಥಾಯ್ಲೆಂಡ್ ಕಡೆಯದು. 2019ರಲ್ಲಿ ಆ ದೇಶ ಇದನ್ನು ತನ್ನ ರಾಷ್ಟ್ರೀಯ ಜಲಚರ ಅಂತ ಘೋಷಿಸಿತು. ಅಲ್ಲಿ ಇದರ ಮನೆ ಭತ್ತದ ಗದ್ದೆ, ಜೌಗು, ನಿಧಾನಕ್ಕೆ ಹರಿಯುವ ಕಾಲುವೆ. ಭತ್ತದ ಗದ್ದೆ ಅಂದರೆ ಏನು ಅಂತ ಕಂಪ್ಲಿ ಕಡೆಯವರಿಗೆ ಹೇಳಿಕೊಡಬೇಕೇ? ಮೊಣಕಾಲುದ್ದವೂ ನೀರಿರಲ್ಲ ನಿಜ, ಆದರೆ ಎಕರೆಗಟ್ಟಲೆ ಹರಡಿರುತ್ತೆ. "ಗದ್ದೆ ಮೀನು, ಬಟ್ಟಲಲ್ಲಿ ಬದುಕುತ್ತೆ" ಅನ್ನೋರು ಆಳ ಮಾತ್ರ ನೋಡ್ತಾರೆ, ಅಗಲ ನೋಡಲ್ಲ.

ಮೇಲೆ ಬಂದು ಗಾಳಿ ಕುಡಿಯುವ ಅಂಗ ಇದಕ್ಕಿದೆ, ಅದೂ ನಿಜ. ಹಾಗಾಗಿ ಕೆಟ್ಟ ನೀರಲ್ಲೂ ಉಸಿರು ಹಿಡಿದುಕೊಂಡಿರುತ್ತೆ. ಬದುಕಿರೋದು ಬೇರೆ, ಚೆನ್ನಾಗಿರೋದು ಬೇರೆ ಅಲ್ವಾ? ಮೀನಿನ ಮೈ ಬಿಸಿ ನೀರಿನ ಬಿಸಿಯೇ. ಇದಕ್ಕೆ 24ರಿಂದ 28 ಡಿಗ್ರಿ ಬೇಕು. ಅದಕ್ಕಿಂತ ಕೆಳಗಿಳಿದರೆ ಜೀರ್ಣಶಕ್ತಿ ಕುಗ್ಗಿ ಹಸಿವೇ ಸಾಯುತ್ತೆ. ಜೊತೆಗೆ ಅದರ ಗಲೀಜು, ಉಳಿದ ಕಾಳು ಕೊಳೆತು ಅಮೋನಿಯಾ ಆಗುತ್ತೆ. ಎರಡು ಲೀಟರಿನಲ್ಲಿ ಅದು ವಿಷವಾಗೋಕೆ ಹೆಚ್ಚು ದಿನ ಬೇಡ. ಉಣ್ಣದ ಮೀನಿಗೆ ಮತ್ತೆ ಮತ್ತೆ ಕಾಳು ಹಾಕಿ ನಾನೇ ಆ ವಿಷ ಹೆಚ್ಚಿಸುತ್ತಿದ್ದೆ...

ಎಲ್ಲ ಉಪವಾಸವೂ ಇದೇ ಅಲ್ಲ. ಹೊಸದಾಗಿ ತಂದ ಮೀನು ಎರಡು ಮೂರು ದಿನ ಬೆದರಿ ಉಣ್ಣದಿರಬಹುದು. ಅತಿಯಾಗಿ ತಿಂದು ಹೊಟ್ಟೆ ಉಬ್ಬಿದ್ದರೆ ಒಂದು ದಿನ ಉಪವಾಸವೇ ಮದ್ದು. ಆದರೆ ಮೈಮೇಲೆ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆ ಬಂದರೆ, ಹುರುಪೆ ನಿಗುರಿ ನಿಂತರೆ ಅದು ರೋಗ, ತಿಳಿದವರನ್ನು ಕೇಳಲೇಬೇಕು.

ನಾನು ಮಾಡಿದ್ದು ಇಷ್ಟು: ಇಪ್ಪತ್ತು ಲೀಟರಿನ ತೊಟ್ಟಿ, ಸಣ್ಣ ಹೀಟರು, ಸ್ಪಂಜಿನ ಫಿಲ್ಟರು. ಮೊದಲ ತಿಂಗಳು ಒಂದು ದಿನ ಬಿಟ್ಟು ಒಂದು ದಿನ ಸ್ವಲ್ಪ ನೀರು ಬದಲಾವಣೆ, ಈಗ ವಾರಕ್ಕೊಮ್ಮೆ ಕಾಲು ಭಾಗ. ನಲ್ಲಿ ನೀರಿನ ಕ್ಲೋರಿನ್ ತೆಗೆದೇ ಹಾಕೋದು. ಖರ್ಚು ಮೀನಿನ ಬೆಲೆಗಿಂತ ಎಷ್ಟೋ ಪಟ್ಟು ಜಾಸ್ತಿ ಆಯ್ತು. ಅದೇ ನನ್ನನ್ನು ಕಾಡಿದ್ದು. ಮೀನು ಅಗ್ಗ ಅಂತಲೇ ಅಲ್ಲವೇ ನಾವು ಬಟ್ಟಲಿಗೆ ಹಾಕೋದು? ಸತ್ತರೆ ಇನ್ನೊಂದು ತಂದರಾಯ್ತು ಅಂತ.

ಮೂರನೇ ದಿನ ಎರಡು ಕಾಳು ತಿಂತು. ಮಗಳು ಓಣಿಗೆಲ್ಲ ಸಾರಿ ಬಂದಳು :-)

ಬೊಗಳೋಕೆ, ಮಿಯಾಂವ್ ಅನ್ನೋಕೆ ಬಾರದ ಜೀವ ಅದು. ಊಟ ಬಿಡೋದೇ ಅದರ ಮಾತು. ನಿಮ್ಮ ಮನೆಯಲ್ಲೂ ಮೇಜಿನ ಮೇಲೆ ಇಂಥದೊಂದು ಬಟ್ಟಲಿದ್ದರೆ, ಇವತ್ತು ಒಮ್ಮೆ ಬೆರಳಿಟ್ಟು ನೋಡಿ. ಏನಂತೀರಿ?