ಭೂಬಳಕೆಯ ನಿಯಮವೂ ಸಾಮಾನ್ಯನ ಸೂರೂ

ಭದ್ರಾವತಿಯ ನ್ಯೂಟೌನಿನಲ್ಲಿ ಒಂದು ಕಾಲಕ್ಕೆ ವಸತಿಯ ಪ್ರಶ್ನೆಯೇ ಇರಲಿಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆಯು ತನ್ನ ನೌಕರರಿಗೆ ಮನೆ, ರಸ್ತೆ, ನೀರು, ಆಸ್ಪತ್ರೆಗಳನ್ನು ತಾನೇ ಒದಗಿಸಿತು. 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆಯೂ ಪೇಪರ್ ಟೌನಿನಲ್ಲಿ ಅದೇ ಹಾದಿ ಹಿಡಿಯಿತು. ಭೂಮಿಯ ಬೆಲೆ ಕಾರ್ಮಿಕನ ಹೆಗಲೇರಲಿಲ್ಲ. ಆ ಕಾಲ ಮುಗಿದಿದೆ. ಕಾಗದದ ಉತ್ಪಾದನೆ 2015ರಲ್ಲಿ ನಿಂತಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದು, ಅದೇ ವರ್ಷ ಉತ್ಪಾದನೆ ಭಾಗಶಃ ಪುನರಾರಂಭವಾಯಿತು. ಇಂದು ಇಲ್ಲಿ ಸೂರು ಬಯಸುವವನು ಮಾರುಕಟ್ಟೆಗೇ ಹೋಗಬೇಕು.

ಕೆಲವು ವರ್ಷಗಳ ಹಿಂದೆ ನಿವೃತ್ತ ಕಾರ್ಮಿಕರೊಬ್ಬರು ಭವಿಷ್ಯನಿಧಿ ಮತ್ತು ಗ್ರಾಚ್ಯುಟಿ ಹಣದ ಲೆಕ್ಕ ಹಿಡಿದು ನನ್ನ ಕಚೇರಿಗೆ ಬಂದರು. "ಸಾರ್, ರೆವಿನ್ಯೂ ಸೈಟು ಅರ್ಧ ಬೆಲೆಗೆ ಸಿಗುತ್ತಿದೆ, ತೆಗೆದುಕೊಳ್ಳಲೇ?" ಎಂದು ಕೇಳಿದರು. ಪರಿವರ್ತನೆಯಾಗದ ಜಮೀನಿಗೆ ಬ್ಯಾಂಕಿನ ಸಾಲ ದೊರೆಯದು, ಮುಂದೆ ಖಾತೆಗೂ ಅಲೆಯಬೇಕಾಗುತ್ತದೆ, ಬೇಡವೆಂದೆ. ಆದರೆ ಅವರ ಹಣಕ್ಕೆ ಎಟಕುವ ಕ್ರಮಬದ್ಧ ನಿವೇಶನ ಎಲ್ಲಿದೆ ಎಂಬ ಮರುಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಇದಕ್ಕೆ ಕಾರಣವನ್ನು ಲೆಕ್ಕದ ಮೂಲಕವೇ ನೋಡೋಣ. ಕೃಷಿ ಜಮೀನು ನಿವೇಶನವಾಗಬೇಕಾದರೆ 1964ರ ಭೂಕಂದಾಯ ಕಾಯಿದೆಯ 95ನೇ ಕಲಮಿನಡಿ ಪರಿವರ್ತನೆ ಆಗಬೇಕು. ಮಹಾಯೋಜನೆಯಲ್ಲಿ ಆ ಜಮೀನು ಕೃಷಿ ವಲಯದಲ್ಲಿದ್ದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಂತೆ ಭೂಬಳಕೆ ಬದಲಾವಣೆಯೂ ಬೇಕು. ಆ ಬಳಿಕ ಶಿವಮೊಗ್ಗ-ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರದಿಂದ ವಿನ್ಯಾಸದ ಅನುಮೋದನೆ, ಕೊನೆಗೆ ಸ್ಥಳೀಯ ಸಂಸ್ಥೆಯ ಖಾತೆ.

ಎಕರೆಗೆ 60 ಲಕ್ಷ ರೂಪಾಯಿ ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಒಂದು ಎಕರೆಯ 43,560 ಚದರ ಅಡಿಯಲ್ಲಿ ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯಗಳಿಗೆ ಅರ್ಧ ಕಳೆದರೆ 30x40 ಅಳತೆಯ 18 ನಿವೇಶನ ಉಳಿಯುತ್ತವೆ. ಜಮೀನಿನ ಬೆಲೆಯೇ ನಿವೇಶನಕ್ಕೆ 3.33 ಲಕ್ಷವಾಯಿತು. ಅನುಮತಿಗಳಿಗೆ ಎರಡು ವರ್ಷ ಹಿಡಿದರೆ ಶೇ. 12ರ ಸರಳ ಬಡ್ಡಿ 14.40 ಲಕ್ಷ, ಅಂದರೆ ನಿವೇಶನಕ್ಕೆ 80,000 ರೂಪಾಯಿ. ಈ ಹಣದಿಂದ ಒಂದು ಚರಂಡಿಯೂ ನಿರ್ಮಾಣವಾಗುವುದಿಲ್ಲ. ಅದು ಕಡತ ಕಾದುದಕ್ಕೆ ತೆತ್ತ ಬೆಲೆ. ತೆರುವವನು ಕೊನೆಯ ಖರೀದಿದಾರ.

ಹಾಗೆಂದು ನಿಯಮಗಳೇ ಬೇಡವೆನ್ನುವವನು ನಾನಲ್ಲ. ಭದ್ರಾ ನಾಲೆಯ ನೀರುಂಡ ಗದ್ದೆಗಳನ್ನು ಕಂಡಕಂಡಲ್ಲಿ ಕಲ್ಲುಕಂಬ ನೆಟ್ಟು ಹಂಚುವುದು ಅವಿವೇಕ. ನಿಯಮ ಮೀರಿದ ನಂತರ ಸಕ್ರಮಗೊಳಿಸುವ ಮಾರ್ಗದ ಗತಿಯನ್ನೂ ಕಂಡಿದ್ದೇವೆ: ಅಕ್ರಮ-ಸಕ್ರಮ ಯೋಜನೆಯನ್ನು 2016ರ ಡಿಸೆಂಬರಿನಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆಯಿತು. ಸೋಗಾನೆಯ ವಿಮಾನ ನಿಲ್ದಾಣ 2023ರ ಫೆಬ್ರವರಿಯಲ್ಲಿ ಉದ್ಘಾಟನೆಗೊಂಡಿದೆ. ಎರಡೂ ನಗರಗಳ ನಡುವಣ ಜಮೀನಿನ ಮೇಲೆ ಒತ್ತಡ ಹೆಚ್ಚುವುದು ಸಹಜ. ಕ್ರಮಬದ್ಧ ಮಾರ್ಗವೇ ಅಗ್ಗವಾಗದಿದ್ದರೆ ಸಾಮಾನ್ಯನು ಅಕ್ರಮದ ಕಡೆಗೇ ನಡೆಯುತ್ತಾನೆ.

ಆದ್ದರಿಂದ ಮೂರು ಸಲಹೆಗಳು. ಒಂದು, ಅನುಮತಿಯ ಪ್ರತಿ ಹಂತಕ್ಕೂ ಕಾಲಮಿತಿ ಇರಲಿ. ವಿಳಂಬಕ್ಕೆ ಇಲಾಖೆಯು ಲಿಖಿತ ಕಾರಣ ನೀಡಲಿ. ಎರಡು, ಪ್ರತಿ ಹೊಸ ಬಡಾವಣೆಯಲ್ಲಿ ಒಂದು ಪಾಲು 20x30 ಅಳತೆಯ ನಿವೇಶನಗಳಿಗೆ ಮೀಸಲಾಗಲಿ. ಮೇಲಿನ ಅದೇ ಎಕರೆಯಲ್ಲಿ ಇಂತಹ 36 ನಿವೇಶನಗಳಾಗುತ್ತವೆ, ಜಮೀನಿನ ವೆಚ್ಚ ತಲಾ 1.67 ಲಕ್ಷಕ್ಕೆ ಇಳಿಯುತ್ತದೆ. ಮೂರು, ನ್ಯೂಟೌನ್ ಮತ್ತು ಪೇಪರ್ ಟೌನಿನಲ್ಲಿ ರಸ್ತೆ, ನೀರು, ವಿದ್ಯುತ್ತು ಮೊದಲೇ ಇರುವ, ಬಳಕೆಯಿಲ್ಲದ ವಸತಿ ಜಾಗಗಳನ್ನು ಗುರುತಿಸಿ, ಕಾರ್ಖಾನೆಗಳ ಪುನಶ್ಚೇತನಕ್ಕೆ ಧಕ್ಕೆಯಾಗದಂತೆ, ಬಾಡಿಗೆ ಅಥವಾ ಗುತ್ತಿಗೆ ವಸತಿಗೆ ಒದಗಿಸುವ ಬಗ್ಗೆ ಸರ್ಕಾರವು ಆಡಳಿತ ಮಂಡಳಿಗಳೊಡನೆ ಮಾತುಕತೆ ನಡೆಸಲಿ. ಇರುವ ಊರನ್ನು ಬಳಸಿಕೊಳ್ಳದೆ ಗದ್ದೆಯಲ್ಲಿ ಹೊಸ ಊರು ಕಟ್ಟುವುದು ಯಾವ ಜಮಾಖರ್ಚಿಗೂ ಹೊಂದದು.

ಮನೆ ಬಾಡಿಗೆ ಏರಿದಾಗ ನೌಕರನು ಹೆಚ್ಚು ಸಂಬಳ ಕೇಳುತ್ತಾನೆ, ಇಲ್ಲವೇ ಊರು ಬಿಡುತ್ತಾನೆ. ಎರಡೂ ನಷ್ಟ ನಮ್ಮ ಅಂಗಡಿ, ಕಾರ್ಯಾಗಾರಗಳದ್ದೇ. ಮಹಾಯೋಜನೆಯ ಕರಡಿಗೆ ಆಕ್ಷೇಪಣೆ ಆಹ್ವಾನಿಸಿದಾಗ ನಮ್ಮ ಸಂಘವು ವಾಣಿಜ್ಯ ವಲಯದ ಬಗ್ಗೆ ಮಾತ್ರವಲ್ಲದೆ ವಸತಿ ವಲಯದ ಬಗ್ಗೆಯೂ ಲಿಖಿತ ಮನವಿ ಸಲ್ಲಿಸುವುದು ಅಗತ್ಯ. ನನ್ನ ಕಚೇರಿಗೆ ಬಂದ ಆ ಹಿರಿಯರಿಗೆ ಕೊಡಲಾಗದ ಉತ್ತರವನ್ನು ಅವರ ಮಕ್ಕಳಿಗಾದರೂ ಕೊಡುವಂತಾಗಲಿ.