ಬದಿಗೆ ನಿಲ್ಲಿಸಿ ಓಡು ಎನ್ನುವವರಿಗೆ

ರೈಲುಗಾಡಿಗಳ ವೇಗದ ಮಾತು ಬಂದಾಗಲೆಲ್ಲ ನನಗೊಂದು ಸಂದೇಹ ಮೂಡುತ್ತದೆ: ಇದು ಯಾರ ವೇಗ? ಮೈಸೂರಿನಿಂದ ಬೆಂಗಳೂರಿಗೆ ಎರಡು ಗಂಟೆಯಲ್ಲಿ ಹೋಗಿ ಇಳಿಯುವವರದೋ, ಹನಕೆರೆಯಲ್ಲೋ ಎಲಿಯೂರಿನಲ್ಲೋ ಗಾಡಿ ಹತ್ತಿ ಕೆಲಸಕ್ಕೆ ಹೋಗುವವರದೋ? ಎಲ್ಲ ಗಾಡಿಗಳನ್ನೂ 130 ಕಿಲೋಮೀಟರಿಗೆ ಏರಿಸಿಬಿಡಿ ಎನ್ನುವ ಮಹನೀಯರಿದ್ದಾರೆ. ಪ್ಯಾಸೆಂಜರ್ ಗಾಡಿಯವರಿಗೆ ಅವಸರವೇನು, ಕೊಟ್ಟ ಕಾಸಿಗೆ ಅಷ್ಟು ಸಾಕು ಎನ್ನುವ ಮಹನೀಯರೂ ಇದ್ದಾರೆ. ನನ್ನ ಜಗಳ ಇಬ್ಬರೊಡನೆಯೂ ಉಂಟು.

ಮೊದಲನೆಯವರಿಗೆ ಒಂದು ಸಣ್ಣ ಲೆಕ್ಕ. ಈ ದಾರಿ ಸುಮಾರು 138 ಕಿಲೋಮೀಟರು. ಎಲ್ಲೆಡೆಯೂ ನಿಲ್ಲುವ ಗಾಡಿಗೆ ನಿಲ್ದಾಣದಿಂದ ನಿಲ್ದಾಣಕ್ಕೆ ಏಳೆಂಟು ಕಿಲೋಮೀಟರು. ಅಷ್ಟು ದೂರವನ್ನು ನೂರರ ಬದಲು 130ರಲ್ಲಿ ಓಡಿದರೆ ಕಾಗದದ ಮೇಲೆ ಉಳಿಯುವುದು ಒಂದು ನಿಮಿಷದ ಆಸುಪಾಸು. ಆ ವೇಗ ಹಿಡಿಯಲು, ಮತ್ತೆ ಬ್ರೇಕು ಹಾಕಿ ಇಳಿಸಲು ತಗಲುವ ಹೊತ್ತನ್ನು ಕಳೆದರೆ ಅದರಲ್ಲಿ ಅರ್ಧದಷ್ಟು ಸೋರಿಹೋಗುತ್ತದೆ. ಆದರೆ ಪ್ರತಿ ನಿಲುಗಡೆಯಾದ ಮೇಲೂ ಗಾಡಿಗೆ ತುಂಬಬೇಕಾದ ಚಲನಶಕ್ತಿ ಶೇಕಡಾ 69ರಷ್ಟು ಹೆಚ್ಚು. ಮೇಲೆ ತಿರುವು ತಿದ್ದಬೇಕು, ಹಳಿಯ ಉದ್ದಕ್ಕೂ ಬೇಲಿ ಹಾಕಬೇಕು, ಗೇಟು ಇದ್ದಲ್ಲಿ ಸೇತುವೆ ಕಟ್ಟಬೇಕು. ಅರ್ಧ ನಿಮಿಷಕ್ಕೆ ಇಷ್ಟು ಬೆಲೆಯೆ?

ಗರಿಷ್ಠ ವೇಗವೇ ಬೇರೆ, ತಲಪುವ ವೇಗವೇ ಬೇರೆ. 160ರಲ್ಲಿ ಓಡಬಲ್ಲ ವಂದೇ ಭಾರತ್ ಗಾಡಿಗೆ, 2022ರ ನವೆಂಬರಿನಲ್ಲಿ ಚೆನ್ನೈ–ಮೈಸೂರು ನಡುವೆ ಹೊರಟಾಗ, ಸುಮಾರು 500 ಕಿಲೋಮೀಟರಿಗೆ ಆರೂವರೆ ಗಂಟೆ ಗೊತ್ತುಮಾಡಿದ್ದರು. ಸರಾಸರಿ 77. ಪ್ರಯಾಣಿಕರ ಗಾಡಿಗಳ ಸರಾಸರಿ ವೇಗವನ್ನು ಐದು ವರ್ಷದಲ್ಲಿ 25 ಕಿಲೋಮೀಟರು ಹೆಚ್ಚಿಸುತ್ತೇವೆಂದು 2016ರ ರೈಲ್ವೆ ಮುಂಗಡಪತ್ರ ಸಾರಿತು. 2019–20ರಲ್ಲಿ ಮೇಲ್, ಎಕ್ಸ್‌ಪ್ರೆಸ್ ಗಾಡಿಗಳದೇ ಸರಾಸರಿ 50ರ ಸುಮಾರಿನಲ್ಲಿತ್ತೆಂದು ಮಹಾಲೇಖಪಾಲರ ವರದಿ ಹೇಳಿತು. ಪ್ಯಾಸೆಂಜರಿನ ಪಾಡನ್ನು ಓದುಗರೇ ಊಹಿಸಲಿ.

ಇನ್ನು ಎರಡನೆಯವರು. ಕಾಸಿಗೆ ತಕ್ಕ ಕಜ್ಜಾಯ ಎನ್ನುತ್ತಾರಲ್ಲವೆ? 2020ರ ಸೋಂಕಿನ ಕಾಲದಲ್ಲಿ ನಿಂತ ಪ್ಯಾಸೆಂಜರ್ ಗಾಡಿಗಳು ಎಕ್ಸ್‌ಪ್ರೆಸ್ಸಿನ ಹೆಸರು ಹೊತ್ತು ಮರಳಿದವು. ಕನಿಷ್ಠ ದರ 10 ರೂಪಾಯಿಯಿಂದ 30ಕ್ಕೇರಿತು. ಮತ್ತೆ 10ಕ್ಕೆ ಇಳಿದದ್ದು 2024ರಲ್ಲಿ. ಕಾಸು ಮೂರು ಪಟ್ಟಾದಾಗ ಓಟವೇನು ಮೂರು ಪಟ್ಟಾಯಿತೆ? ಹೆಸರು ಬದಲಾಯಿತು, ಅಷ್ಟೆ.

ಹಾಗಾದರೆ ಮಾಡಬೇಕಾದುದೇನು? ಗಾಡಿ ಬೇಗ ಓಡುವುದಕ್ಕಿಂತ ಬೇಗ ಹೊರಡಬೇಕು. ಹಲವು ಡಬ್ಬಿಗಳಲ್ಲಿ ಮೋಟಾರು ಇರುವ ಮೆಮು ಗಾಡಿ ನಿಂತಲ್ಲಿಂದ ಚುರುಕಾಗಿ ವೇಗ ಹಿಡಿಯುತ್ತದೆ. ಕೊನೆಯ ನಿಲ್ದಾಣದಲ್ಲಿ ಎಂಜಿನ್ನು ಬಿಚ್ಚಿ ಕಟ್ಟುವ ಗೋಜಿಲ್ಲ. ಪ್ಲಾಟ್‌ಫಾರಂ ಎತ್ತರಿಸಿದರೆ ಮುದುಕರೂ ಮಕ್ಕಳೂ ಬೇಗ ಹತ್ತಿಯಾರು. ಎಲ್ಲಕ್ಕಿಂತ ಮುಖ್ಯವಾಗಿ, ಎಕ್ಸ್‌ಪ್ರೆಸ್ ಬರುವುದೆಂದು ಪ್ಯಾಸೆಂಜರನ್ನು ಬದಿಯ ಹಳಿಯಲ್ಲಿ ಕಟ್ಟಿಹಾಕುವ ಚಾಳಿ ಹೋಗಬೇಕು. ಒಂದೆಡೆ ಇಪ್ಪತ್ತು ನಿಮಿಷ ನಿಲ್ಲಿಸಿದರೆ, ಬೆಂಗಳೂರಿನಿಂದ ಮೈಸೂರಿನವರೆಗೆ 130ರಲ್ಲಿ ಓಡಿ ಗಳಿಸಿದ್ದೆಲ್ಲವೂ ಹೋಗಿ ಮೇಲೆ ಸಾಲ! ಎಕ್ಸ್‌ಪ್ರೆಸ್ಸೇ ಕಾಯಲಿ ಎಂದು ನಾನು ಹೇಳುತ್ತಿಲ್ಲ. ವೇಳಾಪಟ್ಟಿಯನ್ನು ಇಬ್ಬರನ್ನೂ ನೆನೆದು ಬರೆಯಲಿ. ನಾಲ್ಕು ನಿಲ್ದಾಣಗಳಲ್ಲಿ ಮಾಡುವ ಕೆಲಸಕ್ಕೆ 138 ಕಿಲೋಮೀಟರಿನ ಉದ್ದಕ್ಕೂ ಮಾಡುವ ಕೆಲಸದಷ್ಟು ಹಣ ಬೇಕಾಗದು.

ಎರಡನೆಯ ಹಳಿ ಹಾಸಲೆಂದು 2017ರಲ್ಲಿ ಶ್ರೀರಂಗಪಟ್ಟಣದ ಟಿಪ್ಪುವಿನ ಶಸ್ತ್ರಾಗಾರವನ್ನೇ ಇಡಿಯಾಗಿ ಎತ್ತಿ ಆಚೆ ಇರಿಸಿದ ಸಾಹಸಿಗಳು ನಮ್ಮವರು. ಅಂಥವರಿಗೆ ಒಂದು ಪ್ಯಾಸೆಂಜರನ್ನು ಹೊತ್ತಿಗೆ ಸರಿಯಾಗಿ ಬಿಡುವುದು ಆಗದೆಂದರೆ ನಂಬುವುದು ಹೇಗೆ?

ತಡವಾಗಿ ತಲಪಿದ ಕೂಲಿಯಾಳಿಗೆ ಅರ್ಧ ದಿನದ ಕೂಲಿ ಹೋಗುತ್ತದೆ. ಆ ನಷ್ಟ ಯಾವ ಮುಂಗಡಪತ್ರದಲ್ಲಿಯೂ ಇಲ್ಲ. ವೇಗಕ್ಕೆ ಎಷ್ಟು ಖರ್ಚೆಂದು ಕೂಡಿಸುವವರು ಮೊದಲು ಅದನ್ನು ಬರೆದುಕೊಳ್ಳಲಿ. ಆಮೇಲೆ 130ರ ಮಾತು.