ಕಡಿದದ್ದೂ ಗಿಡ, ಹಚ್ಚಿದ್ದೂ ಗಿಡ

ಬೇಸಿಗೆ ಶುರುವಾಗುವ ಹೊತ್ತಿಗೆ ಪ್ರತಿ ವರ್ಷ ರಾಜ್ಯ ಸರ್ಕಾರ ಒಂದು ಆದೇಶ ಹೊರಡಿಸುತ್ತದೆ. ಏಪ್ರಿಲ್, ಮೇ ಎರಡು ತಿಂಗಳು ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ಜೊತೆಗೆ ವಿಜಯಪುರ, ಬಾಗಲಕೋಟೆಯಲ್ಲಿ, ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಬಿಸಿಲು 43, 44 ಡಿಗ್ರಿ ಮುಟ್ಟುವ ಸೀಮೆಯಲ್ಲಿ ಇದು ಸರಿಯಾದ ತೀರ್ಮಾನವೇ. ಫ್ಯಾನಿನ ಕೆಳಗೆ ಕೂತವರಿಗೂ ಇಲ್ಲಿನ ಮಧ್ಯಾಹ್ನ ತಡೆಯಲು ಆಗುವುದಿಲ್ಲ ಎಂದು ಸರ್ಕಾರವೇ ಒಪ್ಪಿಕೊಂಡಂತಾಯಿತು.

ಆದರೆ ಅಫಜಲಪುರದಲ್ಲಿ ಬುಟ್ಟಿ ಇಟ್ಟುಕೊಂಡು ಹಣ್ಣು ಮಾರುವ ಅವ್ವನಿಗೆ, ಜೇವರ್ಗಿಯಲ್ಲಿ ಹೆದ್ದಾರಿ ಪಕ್ಕ ಬಸ್ಸಿಗೆ ಕಾಯುವ ಕೂಲಿಕಾರನಿಗೆ, ಆಳಂದದಲ್ಲಿ ಚಪ್ಪಲಿ ಹೊಲಿಯುವ ಅಣ್ಣನಿಗೆ ಈ ಆದೇಶ ಅನ್ವಯ ಆಗುವುದಿಲ್ಲ. ಅವರ ಕಚೇರಿ ಸೂರ್ಯ ಮುಳುಗುವವರೆಗೆ ತೆರೆದೇ ಇರುತ್ತದೆ. ಬಿಸಿಲಿನಿಂದ ಅವರಿಗೆ ರಕ್ಷಣೆ ಅಂತ ಇದ್ದರೆ ಅದು ರಸ್ತೆ ಬದಿಯ ಬೇವಿನ ನೆರಳು. ಆ ನೆರಳಿಗೆ ವಾರಸುದಾರರು ಯಾರು?

ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ನಮ್ಮ ಮಾತಿನ ಒಂದು ವಿಚಿತ್ರ ಹೇಳಬೇಕು. ನಮ್ಮ ಕಡೆ ಮರಕ್ಕೆ ಮರ ಅನ್ನುವುದಿಲ್ಲ. ಮನೆಯಲ್ಲಿ ‘ಮರ’ ತಾರವ್ವ ಅಂದರೆ ಜೋಳ ಹಸನು ಮಾಡುವ ಮೊರ ಬರುತ್ತದೆ. ನೂರು ವರ್ಷದ ಬೇವಾದರೂ ಅದು ‘ಬೇವಿನ ಗಿಡ’ವೇ. ನಿನ್ನೆ ನರ್ಸರಿಯಿಂದ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಬಂದದ್ದೂ ಗಿಡವೇ. ಮಾತಾಡಲು ಇದು ಚೆಂದ. ಲೆಕ್ಕ ಬರೆಯುವಾಗ ಮಾತ್ರ ಇದರಲ್ಲಿ ದೊಡ್ಡ ಮೋಸ ಅಡಗಿ ಕೂರುತ್ತದೆ. ‘ಹತ್ತು ಗಿಡ ತೆಗೆದೇವ್ರೀ, ನೂರು ಗಿಡ ಹಚ್ಚೇವ್ರೀ’ ಎಂದು ಒಬ್ಬ ಅಧಿಕಾರಿ ಹೇಳಿದರೆ ತೊಂಬತ್ತು ಗಿಡ ಲಾಭ ಆದಂತೆ ಕೇಳುತ್ತದೆ. ತೆಗೆದದ್ದು ಮೂವತ್ತು ಜನ ಕೂರುವ ನೆರಳು, ಹಚ್ಚಿದ್ದು ಮೊಣಕಾಲುದ್ದದ ಕಡ್ಡಿ. ಎರಡಕ್ಕೂ ಒಂದೇ ಹೆಸರು.

ಜೂನ್ 5 ಬಂದರೆ ಪರಿಸರ ದಿನ. ಜುಲೈ ಮೊದಲ ವಾರ ವನಮಹೋತ್ಸವ, 1950ರಲ್ಲಿ ಕೆ.ಎಂ. ಮುನ್ಷಿ ಅವರು ಶುರು ಮಾಡಿದ್ದು. ಪತ್ರಿಕೆಯ ತಾಲ್ಲೂಕು ಪುಟದಲ್ಲಿ ಆ ದಿನಗಳ ಫೋಟೊ ಎಲ್ಲರೂ ನೋಡಿದ್ದೇವೆ. ಒಂದು ಸಸಿ, ಅದನ್ನು ಹಿಡಿಯಲು ಹದಿನಾಲ್ಕು ಕೈ. ಅದೇ ಸಸಿಯ ಮುಂದಿನ ಮೇ ತಿಂಗಳ ಫೋಟೊ ಯಾವ ಪುಟದಲ್ಲೂ ಬರುವುದಿಲ್ಲ. ಹೋದ ವರ್ಷದ ಗುಂಡಿಯಲ್ಲೇ ಈ ವರ್ಷವೂ ಹಚ್ಚುತ್ತಾರೆ, ಗುಂಡಿ ತೋಡುವ ಖರ್ಚಾದರೂ ಉಳಿಯಿತು ಎಂಬ ನಗೆಚಾಟಿಕೆ ಸುಮ್ಮನೆ ಹುಟ್ಟಿದ್ದಲ್ಲ.

ಈಗ ವಾರಸುದಾರರ ವಿಷಯ. ಊರೊಳಗಿನ ಒಂದು ಬೇವನ್ನೇ ತೆಗೆದುಕೊಳ್ಳಿ. ನಿಂತ ಜಾಗ ಪುರಸಭೆಯದು. ಪಕ್ಕದ ರಸ್ತೆ ಲೋಕೋಪಯೋಗಿ ಇಲಾಖೆಯದೋ ಹೆದ್ದಾರಿಯವರದೋ. ಮೇಲೆ ಹಾದ ತಂತಿ ಜೆಸ್ಕಾಂನದು. ಕಡಿಯಲು ಅನುಮತಿ ಕೊಡುವವರು ಅರಣ್ಯ ಇಲಾಖೆಯವರು. ಬುಡದಲ್ಲಿ ಪೇವರ್ ಕಲ್ಲು ಜೋಡಿಸುವವರು ಗುತ್ತಿಗೆದಾರರು. ಇಷ್ಟು ಜನರಿಗೂ ಆ ಗಿಡದ ಮೇಲೆ ಒಂದೊಂದು ಹಕ್ಕು ಇದೆ. ಅದಕ್ಕೆ ನೀರು ಹಾಕುವುದು, ರೋಗ ಬಂದರೆ ನೋಡುವುದು, ಬುಡದ ಸಿಮೆಂಟು ಒಡೆಸುವುದು, ಇದು ಇವರಲ್ಲಿ ಒಬ್ಬರ ಕೆಲಸವೂ ಅಲ್ಲ. ಮಳೆಗಾಲಕ್ಕೆ ಮುಂಚೆ ತಂತಿಗೆ ತಾಗುವ ಟೊಂಗೆ ಸವರುವುದು ಬೇಕೇ ಬೇಕು, ಗಾಳಿಗೆ ತಂತಿ ಹರಿದು ಬಿದ್ದರೆ ಜೀವ ಹೋಗುತ್ತದೆ. ಆದರೆ ಒಂದೇ ಮಗ್ಗುಲ ಟೊಂಗೆ ಪೂರ್ತಿ ಬೋಳಿಸಿದರೆ ಗಿಡ ಇನ್ನೊಂದು ಮಗ್ಗುಲಿಗೆ ವಾಲುತ್ತದೆ. ವಾಲಿದ ಗಿಡವನ್ನು ‘ಅಪಾಯಕಾರಿ’ ಎಂದು ಬರೆದು ಕಡಿಯುವುದು ಸುಲಭ.

ಕಾನೂನು ಇಲ್ಲವೆಂದಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಬಂದದ್ದು 1976ರಲ್ಲಿ. ವೃಕ್ಷ ಪ್ರಾಧಿಕಾರ ಇರಬೇಕು, ವೃಕ್ಷಾಧಿಕಾರಿ ಇರಬೇಕು ಎಂದು ಅದು ಹೇಳುತ್ತದೆ. ಪ್ರಾಧಿಕಾರದ ಕರ್ತವ್ಯಗಳನ್ನೂ ಬರೆದಿದೆ: ಇರುವ ಮರಗಳ ಗಣತಿ, ನರ್ಸರಿ ಬೆಳೆಸುವುದು, ರಸ್ತೆ ಅಗಲ ಮಾಡುವಾಗ ಮರ ಕಿತ್ತು ಬೇರೆಡೆ ನೆಡುವುದು. 50ಕ್ಕಿಂತ ಹೆಚ್ಚು ಮರ ಕಡಿಯುವ ಪ್ರಸ್ತಾವ ಇದ್ದರೆ ವೃಕ್ಷಾಧಿಕಾರಿ ಸಾರ್ವಜನಿಕ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳಬೇಕು ಎಂಬುದೂ ಇದೆ. ಬೆಂಗಳೂರಿನಲ್ಲಿ ಮೇಲ್ಸೇತುವೆ, ಮೆಟ್ರೊ ವಿಷಯಕ್ಕೆ ಜನ ಹೈಕೋರ್ಟಿಗೆ ಹೋದಾಗ ಕೈಯಲ್ಲಿ ಹಿಡಿದದ್ದು ಇದೇ ಕಾಯ್ದೆಯನ್ನು. ಅಲ್ಲಿ ಪಾಲಿಕೆಯೊಳಗೇ ಒಂದು ಅರಣ್ಯ ಘಟಕ ಇದೆ, ದೂರು ಕೊಡಲು ಒಂದು ಬಾಗಿಲಾದರೂ ಇದೆ. 2011ರ ಜನಗಣತಿಯಂತೆ ಸುಮಾರು 42 ಸಾವಿರ ಜನರಿದ್ದ ಆಳಂದಕ್ಕೆ, 27 ಸಾವಿರದ ಅಫಜಲಪುರಕ್ಕೆ, 25 ಸಾವಿರದ ಜೇವರ್ಗಿಗೆ ಕಾಯ್ದೆ ಅದೇ, ಬಾಗಿಲು ಮಾತ್ರ ಬೇರೆ ಬೇರೆ ಕಚೇರಿಗಳಲ್ಲಿ ಹಂಚಿಹೋಗಿದೆ. ಪುರಸಭೆಯಲ್ಲಿ ಕೇಳಿದರೆ ಅರಣ್ಯ ಇಲಾಖೆಯತ್ತ ಕೈ ತೋರಿಸುತ್ತಾರೆ. ಅರಣ್ಯ ಇಲಾಖೆಯವರಿಗೆ ಊರೊಳಗಿನ ಗಿಡಕ್ಕಿಂತ ಅರಣ್ಯದ ಗಿಡ ಮುಖ್ಯ. ಅದು ತಪ್ಪೂ ಅಲ್ಲ.

ಇದೇ ಮೂರು ತಾಲ್ಲೂಕಿನ ಜನ ಮದುವೆಗೆ, ದೇವರಿಗೆ, ವ್ಯಾಪಾರಕ್ಕೆ ದಾಟಿ ಹೋಗುವ ಗಡಿಯಾಚೆಯ ಮಹಾರಾಷ್ಟ್ರ ನೋಡಿ. ಅಲ್ಲಿನ ನಗರ ಪ್ರದೇಶಗಳ ವೃಕ್ಷ ಸಂರಕ್ಷಣಾ ಕಾಯ್ದೆ 1975ರದು, ನಮ್ಮದಕ್ಕಿಂತ ಒಂದು ವರ್ಷ ಹಿರಿಯದು. ಅದರ ಪ್ರಕಾರ ಅಕ್ಕಲಕೋಟೆಯಂಥ ಸಣ್ಣ ನಗರ ಪರಿಷತ್ತಿಗೂ ತನ್ನದೇ ವೃಕ್ಷ ಪ್ರಾಧಿಕಾರ ಇರಬೇಕು, ಐದು ವರ್ಷಕ್ಕೊಮ್ಮೆ ಮರಗಣತಿ ಆಗಬೇಕು. 2021ರಲ್ಲಿ ತಿದ್ದುಪಡಿ ತಂದು 50 ವರ್ಷ ದಾಟಿದ ಮರಕ್ಕೆ ಪಾರಂಪರಿಕ ಮರ ಎಂಬ ಸ್ಥಾನ ಕೊಟ್ಟರು. ಒಂದು ಮರ ಕಡಿದರೆ ಅದರ ವಯಸ್ಸು ಎಷ್ಟೋ ಅಷ್ಟು ಸಸಿ ನೆಡಬೇಕು ಎಂದರು. ಅಲ್ಲಿ ಕೊಡಲಿ ನಿಂತುಹೋಗಿದೆ ಎಂದು ನಾನು ಹೇಳುತ್ತಿಲ್ಲ, ಸೊಲ್ಲಾಪುರದ ಬಿಸಿಲೇನು ನಮ್ಮದಕ್ಕಿಂತ ತಂಪಲ್ಲ. ಆದರೆ ನನಗೆ ಆ ತಿದ್ದುಪಡಿಯ ಒಂದು ಅಂಶ ಹಿಡಿಸಿತು. ಅದು ಗಿಡಕ್ಕೆ ವಯಸ್ಸು ಇದೆ ಎಂದು ಒಪ್ಪಿಕೊಂಡಿದೆ. ಅರವತ್ತು ವರ್ಷದ್ದನ್ನೂ ಆರು ತಿಂಗಳದ್ದನ್ನೂ ಒಂದೇ ಸಾಲಿನಲ್ಲಿ ಬರೆಯುವುದನ್ನು ಬಿಟ್ಟಿದೆ.

ವಯಸ್ಸಿನಷ್ಟೇ ಮುಖ್ಯ, ಜಾಗ. ಪರಿಹಾರವಾಗಿ ನೆಡುವ ಸಸಿ ಎಲ್ಲಿ ಹೋಗುತ್ತದೆ? ಎಲ್ಲಿ ಸರ್ಕಾರಿ ಜಾಗ ಸಿಕ್ಕೀತೋ ಅಲ್ಲಿ. ನಮ್ಮ ಜಿಲ್ಲೆಯಲ್ಲಿ ಅರಣ್ಯ ಎಂದರೆ ಹೆಚ್ಚುಕಡಿಮೆ ಚಿಂಚೋಳಿ ಎಂದೇ ಅರ್ಥ. 2011ರಲ್ಲಿ ಅದು ವನ್ಯಜೀವಿಧಾಮ ಆಯಿತು. ಚಿಂಚೋಳಿ ಕಾಡು ದಟ್ಟವಾಗಲಿ, ಸಂತೋಷ. ಆದರೆ ಅಲ್ಲಿ ಬೆಳೆದ ಸಾವಿರ ಗಿಡ ಜೇವರ್ಗಿಯಲ್ಲಿ ಬಸ್ಸಿಗೆ ನಿಂತವನ ತಲೆಗೆ ಒಂದು ಗೇಣು ನೆರಳು ಕೊಡುವುದಿಲ್ಲ. ನೆರಳು ಹೋದ ಓಣಿಯಲ್ಲೇ ನೆರಳು ವಾಪಸ್ಸು ಬರಬೇಕು.

ಹಾಗಾದರೆ ಈ ಊರುಗಳಲ್ಲಿ ಹಳೇ ಗಿಡ ಉಳಿದದ್ದು ಎಲ್ಲಿ? ಮಠದ ಅಂಗಳ, ದರ್ಗಾದ ಆವರಣ, ಖಬರಸ್ತಾನ, ಹಳೇ ಸರ್ಕಾರಿ ಶಾಲೆ. ದೇವರೋ ಸತ್ತವರೋ ಮಕ್ಕಳೋ ಕಾಯುವ ಜಾಗ. ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮಾ, ಅಮರ್ಜಾ ಕೂಡುವ ಸಂಗಮದ ಔದುಂಬರದ ಕೆಳಗೆ ಗುರುಚರಿತ್ರೆ ಪಾರಾಯಣಕ್ಕೆ ಕೂರುವವರನ್ನು ನೋಡಿದ್ದೀರಲ್ಲ? ಆ ಅತ್ತಿಯ ಒಂದು ಟೊಂಗೆ ಮುಟ್ಟಲು ಯಾವ ಗುತ್ತಿಗೆದಾರನಿಗೆ ಧೈರ್ಯ ಬಂದೀತು? ನಂಬಿಕೆ ಕಾಯ್ದ ಗಿಡ ಉಳಿದಿದೆ, ಕಾಯ್ದೆ ಕಾಯಬೇಕಿದ್ದ ಗಿಡ ಹೋಗಿದೆ. ನಂಬಿಕೆಗೂ ಎರಡು ಮುಖ ಇವೆ ಅನ್ನಿ. ದಸರೆಗೆ ‘ಬನ್ನಿ ತಗೊಂಡು ಬಂಗಾರದಂಗ ಇರೋಣು’ ಎನ್ನಲು ನಾವೇ ಬನ್ನಿ ಟೊಂಗೆ ಮುರಿದು ಮುರಿದು ಗಿಡವನ್ನು ಮೋಟು ಮಾಡುತ್ತೇವೆ. ಒಂದು ಎಲೆ ಸಾಕಾಗುವ ಕಡೆ ಒಂದು ಟೊಂಗೆ ಯಾಕೆ?

‘ರಸ್ತೆ ಬ್ಯಾಡೇನು? ಅಭಿವೃದ್ಧಿ ಬ್ಯಾಡೇನು?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಬೇಕು. ಹಿಂದುಳಿದ ಪ್ರದೇಶ ಎಂದು ಹೋರಾಡಿ 371ಜೆ ತಂದುಕೊಂಡವರು ನಾವು. ಜೇವರ್ಗಿಯಂಥ ಊರು ರಾಷ್ಟ್ರೀಯ ಹೆದ್ದಾರಿ 50ರ ಮೇಲೆ ಇದೆ, 150ಎ ಅಲ್ಲಿಂದಲೇ ಹೊರಡುತ್ತದೆ. ಲಾರಿ, ಟ್ರ್ಯಾಕ್ಟರು, ಬೈಕು ಎಲ್ಲ ಒಂದೇ ರಸ್ತೆಯಲ್ಲಿ ನುಗ್ಗುವಾಗ ಅಗಲ ಮಾಡಬೇಡಿ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಆದರೆ ಒಂದು ನೆನಪು ಮಾಡಿಕೊಡುತ್ತೇನೆ. ಹುಲಿಕಲ್‌ನಿಂದ ಕುದೂರಿನ ದಾರಿಯಲ್ಲಿ ಸಾಲುಮರದ ತಿಮ್ಮಕ್ಕ ಬೆಳೆಸಿದ ಆಲದ ಸಾಲಿಗೂ 2019ರಲ್ಲಿ ರಸ್ತೆ ಅಗಲೀಕರಣದ ಭಯ ಬಂದಿತ್ತು. ಆ ಅಜ್ಜಿ ಮುಖ್ಯಮಂತ್ರಿಯನ್ನು ಭೇಟಿಯಾಗಿ ಉಳಿಸಿಕೊಡಿ ಎಂದು ಕೇಳಬೇಕಾಯಿತು. ಪದ್ಮಶ್ರೀ ಪಡೆದ ತಾಯಿಯ ಗಿಡಕ್ಕೇ ಆ ಗತಿಯಾದರೆ, ಹೆಸರಿಲ್ಲದವರು ಹಚ್ಚಿದ ಗಿಡದ ಪರವಾಗಿ ಯಾರು ಹೋಗಿ ನಿಲ್ಲಬೇಕು? ರಸ್ತೆ ಅಗಲ ಆಗಲಿ, ಆದರೆ ಅಂದಾಜುಪಟ್ಟಿ ತಯಾರಾಗುವಾಗಲೇ ಯಾವ ಗಿಡ, ಎಷ್ಟು ವಯಸ್ಸು, ಒಂದು ಮಗ್ಗುಲಿನದನ್ನಾದರೂ ಉಳಿಸಬಹುದೇ ಎಂಬುದು ಕಾಗದದ ಮೇಲೆ ಬರಲಿ. ಚರಂಡಿಯ ಸ್ಲ್ಯಾಬಿಗೆ ಇಂಚಿಂಚು ಅಳತೆ ಹಾಕುವ ಎಂಜಿನಿಯರಿಗೆ ಇದು ಕಷ್ಟದ ಕೆಲಸವೇನಲ್ಲ.

ಬುಡದ ಸಿಮೆಂಟಿನದು ಇನ್ನೊಂದು ಕತೆ. ದೆಹಲಿಯಲ್ಲಿ 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಮರದ ಸುತ್ತ ಒಂದು ಮೀಟರಿನೊಳಗಿನ ಕಾಂಕ್ರೀಟ್ ತೆಗೆಯಿರಿ ಎಂದು ಆದೇಶಿಸಿತು. ನಮ್ಮಲ್ಲಿ ಸಿ.ಸಿ. ರಸ್ತೆ ಎಂದರೆ ಕಾಂಡಕ್ಕೆ ತಾಗುವವರೆಗೂ ಸುರಿಯುವುದು. ಬಿದ್ದ ಮಳೆ ಒಂದು ಹನಿ ಬೇರಿಗೆ ಇಳಿಯುವುದಿಲ್ಲ. ಒಂದು ಗಾಳಿಮಳೆಗೆ ಗಿಡ ಉರುಳಿದಾಗ ‘ಮುದಿ ಗಿಡ, ಬಿತ್ತು’ ಎನ್ನುತ್ತೇವೆ.

ಹೊಸದಾಗಿ ಹಚ್ಚುವುದರಲ್ಲಿ ನಮ್ಮ ನೆಲದ ಕಷ್ಟ ಬೇರೆ. ತೊಗರಿಗೆ ಹೆಸರಾದ ಈ ಎರೆಭೂಮಿ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಬಿರುಕು ಸಣ್ಣ ಸಸಿಯ ಬೇರನ್ನು ಹರಿದು ಹಾಕುತ್ತದೆ, ಉಳಿದದ್ದನ್ನು ಬಿಸಿಗಾಳಿ ಒಣಗಿಸುತ್ತದೆ. ಆದ್ದರಿಂದ ಇಲ್ಲಿ ಜೂನ್‌ನಲ್ಲಿ ಹಚ್ಚುವುದು ಕೆಲಸದ ಕಾಲುಪಾಲು ಮಾತ್ರ. ಮುಕ್ಕಾಲು ಪಾಲು ಕೆಲಸ ಇರುವುದು ಫೆಬ್ರುವರಿಯಿಂದ ಮೇವರೆಗೆ, ಅದೂ ಮೂರು ವರ್ಷ. ಹಳ್ಳಿಯ ರಸ್ತೆ ಬದಿ ನೆಟ್ಟರೆ ಉದ್ಯೋಗ ಖಾತರಿಯಲ್ಲಿ ನೀರು ಹಾಕುವವರಿಗೆ ಕೂಲಿ ಕೊಡುವ ದಾರಿ ಸಿಕ್ಕಿತ್ತು. ಪುರಸಭೆ ಗಡಿಯೊಳಗೆ ಆ ದಾರಿಯೂ ಇಲ್ಲ. ಊರಿನ ಹೊರಗಿನ ಸಸಿಗೆ ಇದ್ದ ಭಾಗ್ಯ ಊರೊಳಗಿನದಕ್ಕೆ ಇಲ್ಲ ಅಂದಹಾಗಾಯಿತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರಿಂದ ಬಜೆಟ್‌ನಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಿಸುತ್ತಿದ್ದಾರೆ. ಕಟ್ಟಡ, ರಸ್ತೆಗೆ ಹೋಗುವ ಆ ದುಡ್ಡಿನಲ್ಲಿ ಒಂದು ಊರಿಗೆ ಒಂದು ಟ್ಯಾಂಕರು, ಇಬ್ಬರು ಆಳಿನ ಮೂರು ಬೇಸಿಗೆಯ ಕೂಲಿ ತೆಗೆದಿಟ್ಟರೆ ಯಾವ ಕಟ್ಟಡವೂ ಅರ್ಧಕ್ಕೆ ನಿಲ್ಲುವುದಿಲ್ಲ. ಕುಡಿಯುವ ನೀರಿಗೇ ಪರದಾಡುವಾಗ ಗಿಡಕ್ಕೆಲ್ಲಿಂದ ಎನ್ನಬೇಡಿ. ಹಾಸ್ಟೆಲ್, ಬಸ್ ನಿಲ್ದಾಣಗಳ ಸ್ನಾನದ, ಕೈತೊಳೆದ ನೀರು ಚರಂಡಿಗೇ ಹೋಗುತ್ತಿದೆ.

ಯಾವ ಗಿಡ ಎಂಬುದನ್ನೂ ನಮ್ಮವರಿಗೆ ಕಲಿಸಬೇಕಿಲ್ಲ. ಬೇವು, ಹೊಂಗೆ, ಹುಣಸೆ, ಆಲ, ಅರಳಿ, ಬನ್ನಿ. ಬೇವು ಯುಗಾದಿ ಹೊತ್ತಿಗೆ ಹೊಸ ಚಿಗುರು, ಹೂ ಹೊತ್ತು ನಿಲ್ಲುತ್ತದೆ, ಬಿಸಿಲು ನೆತ್ತಿಗೇರುವಷ್ಟರಲ್ಲಿ ನೆರಳು ಸಿದ್ಧ. ಬೇಗ ಬೆಳೆಯುತ್ತದೆ ಎಂದು ತಂದು ಸಾಲಾಗಿ ನಿಲ್ಲಿಸುವ ಕೋನೋಕಾರ್ಪಸ್ ಅನ್ನು ಗುಜರಾತ್ ಸರ್ಕಾರ 2023ರಲ್ಲೇ ನೆಡಬೇಡಿ ಎಂದಿದೆ. ಬೇವಿಗೂ ರೋಗ ಬರುತ್ತದೆ. 2021ರ ಸುಮಾರಿಗೆ ಪಕ್ಕದ ತೆಲಂಗಾಣದಲ್ಲಿ ಬೇವಿನ ಟೊಂಗೆಗಳು ತುದಿಯಿಂದ ಒಣಗುತ್ತ ಬಂದಾಗ ಜನ ಗಾಬರಿಯಾದರು. ಅಂಥ ಗಿಡ ಮತ್ತೆ ಚಿಗುರುವುದುಂಟು. ಆದರೆ ‘ಸತ್ತಿಲ್ಲ, ಕಾಯಿರಿ’ ಎಂದು ಹೇಳುವ ಒಬ್ಬ ತಿಳಿದವನು ಊರಿನಲ್ಲಿ ಇಲ್ಲದಿದ್ದರೆ ಒಣ ಟೊಂಗೆ ಕಂಡ ಕೂಡಲೇ ಗರಗಸ ಬರುತ್ತದೆ.

ನಾನು ಕೇಳುವುದು ದೊಡ್ಡದೇನಲ್ಲ. ಮೊದಲು ಎಣಿಸಿ. ಬೆಂಗಳೂರಿಗೆ ಮರಗಣತಿ ವರ್ಷಗಟ್ಟಲೆಯ ಕೆಲಸ. ಇಪ್ಪತ್ತು ಚಿಲ್ಲರೆ ವಾರ್ಡಿನ ನಮ್ಮ ಊರಿಗೆ ಒಂದು ಎನ್ನೆಸ್ಸೆಸ್ ಶಿಬಿರದಲ್ಲಿ ಮುಗಿಯುವಂಥದು. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವೇ ಇದೆ, ಅಲ್ಲಿನ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಕ್ಷೇತ್ರಕಾರ್ಯ ಸಿಗಲಿಕ್ಕಿಲ್ಲ. ಜಾತಿ, ಸುತ್ತಳತೆ, ಜಾಗ, ಬುಡದಲ್ಲಿ ಸಿಮೆಂಟು ಇದೆಯೇ. ಇಷ್ಟು ಬರೆದರೆ ಸಾಕು. ಆ ಪಟ್ಟಿ ಪುರಸಭೆಯ ಆಸ್ತಿ ವಹಿಗೆ ಸೇರಲಿ. ಪುರಸಭೆಯ ಮಳಿಗೆ, ಕೊಳವೆಬಾವಿ, ಬೀದಿದೀಪದ ಲೆಕ್ಕ ಇರುವಂತೆ ಗಿಡದ್ದೂ ಇದ್ದರೆ, ನಾಳೆ ಒಂದು ಕಾಣೆಯಾದಾಗ ಯಾರಾದರೂ ಉತ್ತರ ಬರೆಯಬೇಕಾಗುತ್ತದೆ. ಪಟ್ಟಿ ಇಲ್ಲದ ಆಸ್ತಿ ಕಳುವಾದರೆ ದೂರು ಕೊಡುವುದಾದರೂ ಹೇಗೆ?

ಪುರಸಭೆಗಳು ಬಜೆಟ್ ಮಂಡಿಸುವ ಮೊದಲು ಸಾರ್ವಜನಿಕರ ಪೂರ್ವಭಾವಿ ಸಭೆ ಕರೆಯಬೇಕು. ಆ ಸಭೆಗೆ ಹೋಗುವವರು ಕಡಿಮೆ, ಹೋದವರು ಕೇಳುವುದು ಚರಂಡಿ, ನಳ, ಬೀದಿದೀಪ. ಈ ಸಲ ಆಳಂದ, ಅಫಜಲಪುರ, ಜೇವರ್ಗಿಯ ಗೆಳೆಯರು ಎರಡು ಪ್ರಶ್ನೆ ಹೆಚ್ಚಿಗೆ ಕೇಳಿ: ಹೋದ ಜೂನ್‌ನಲ್ಲಿ ಹಚ್ಚಿದ್ದರಲ್ಲಿ ಇವತ್ತಿಗೆ ಎಷ್ಟು ಬದುಕಿವೆ, ಬರುವ ಬೇಸಿಗೆಗೆ ನೀರಿನ ಬಾಬ್ತು ಎಷ್ಟು ಇಟ್ಟಿದ್ದೀರಿ? ಸಭೆಯಲ್ಲಿ ಉತ್ತರ ಸಿಗದಿದ್ದರೆ ಅವೇ ಎರಡು ಸಾಲನ್ನು ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಬರೆದು, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಹಚ್ಚಿ ಕೊಡಿ. ಬಂದ ಉತ್ತರ ಇಲ್ಲಿಗೆ ಕಳಿಸಿ, ಮೂರೂ ಊರಿನದನ್ನು ಒಟ್ಟಿಗೆ ಹಾಕೋಣ.